ಅಣಬೆಯ ಹೆಸರಿನಲ್ಲಿ ಎರವಲು ಪುರಾವೆ: ಔಷಧ ಮತ್ತು ಆಹಾರ ನಿಯಂತ್ರಕರಿಗೆ ಒಂದು ಬಹಿರಂಗ ಪತ್ರ

ಔಷಧಗಳಿಗೂ ಆಹಾರ ಪೂರಕಗಳಿಗೂ ಮಾರಾಟದ ಅನುಮತಿ ನೀಡುವ ಅಧಿಕಾರ ಹೊಂದಿರುವ ಎಲ್ಲರಿಗೆ,

ಮಾನ್ಯರೇ,

ಕ್ಯಾನ್ಸರ್ ರೋಗಿಗಳಿಗೆ ಔಷಧ ವಿತರಿಸುವುದು, ಒಂದು ಔಷಧ ಇನ್ನೊಂದರ ಜೊತೆ ಹೊಂದುತ್ತದೆಯೇ ಇಲ್ಲವೇ ಎಂದು ಪರಿಶೀಲಿಸುವುದು ನನ್ನ ಕೆಲಸ. ಕಿಮೊಥೆರಪಿ ಆರಂಭವಾಗುವ ಮೊದಲು, ಮನೆಯಲ್ಲಿ ಸೇವಿಸುತ್ತಿರುವುದನ್ನೆಲ್ಲ ಒಮ್ಮೆ ತಂದು ತೋರಿಸಿ ಎಂದು ರೋಗಿಗಳನ್ನು ಕೇಳಿಕೊಳ್ಳುತ್ತೇನೆ. ರಕ್ತದೊತ್ತಡದ ಗುಳಿಗೆ, ಮಧುಮೇಹದ ಗುಳಿಗೆ ಮೊದಲು ಮೇಜಿನ ಮೇಲೆ ಬರುತ್ತವೆ. ಚೀಲದ ತಳದಿಂದ, ಎಲ್ಲಕ್ಕಿಂತ ಕೊನೆಗೆ, ಕೊಂಚ ಸಂಕೋಚದೊಡನೆ ಹೊರಬರುವುದು ಅಣಬೆಯ ಬಾಟಲಿ. 'ಇದನ್ನೂ ಜೊತೆಗೆ ತೆಗೆದುಕೊಳ್ಳಬಹುದೇ?' ಎಂದು ಕೇಳುತ್ತಾರೆ. ಲೇಬಲ್ ಓದುತ್ತೇನೆ. ಅಣಬೆಯ ಚಿತ್ರವಿದೆ, ಗುಳಿಗೆಯ ಒಟ್ಟು ತೂಕವಿದೆ, ರೋಗನಿರೋಧಕ ಶಕ್ತಿಗೆ ಬೆಂಬಲ ಎಂಬ ಮಾತಿದೆ. ಆದರೆ ಉತ್ತರ ಹೇಳುವುದಕ್ಕೆ ನನಗೆ ಬೇಕಾದದ್ದು ಬೇರೆ: ಇದು ಯಾವ ಪ್ರಭೇದ, ಅದರ ಯಾವ ಭಾಗ, ಅದರಲ್ಲಿರುವ ಯಾವ ಸಂಯುಕ್ತ, ಒಂದು ಗುಳಿಗೆಯಲ್ಲಿ ಅದು ಎಷ್ಟು ಮಿಲಿಗ್ರಾಂ. ಅದು ಅಲ್ಲಿ ಇರುವುದಿಲ್ಲ. ಹಾಗಾಗಿ ನನ್ನ ಬಳಿ ಉತ್ತರವೂ ಇರುವುದಿಲ್ಲ.

ಅಣಬೆಯಲ್ಲಿ ಔಷಧವಿಲ್ಲ ಎಂದು ವಾದಿಸಲು ನಾನು ಈ ಪತ್ರ ಬರೆಯುತ್ತಿಲ್ಲ. ಔಷಧವಿದೆ, ಕೆಲವನ್ನು ನಾನೇ ವಿತರಿಸಿದ್ದೇನೆ. ನನ್ನ ತಕರಾರು ಇರುವುದು, ಒಂದು ವಸ್ತುವಿನ ಮೇಲೆ ವರ್ಷಗಟ್ಟಲೆ ನಡೆದ ಪರೀಕ್ಷೆಯ ಫಲಿತಾಂಶವನ್ನು ಅದೇ ಅಣಬೆಯ ಹೆಸರು ಹೊತ್ತ, ಆದರೆ ಅದಲ್ಲದ ಇನ್ನೊಂದು ವಸ್ತುವಿನ ಮಾರಾಟಕ್ಕೆ ಎರವಲು ತರುವ ರೂಢಿಯ ಬಗ್ಗೆ, ಮತ್ತು ಅದನ್ನು ತಡೆಯುವ ಅಧಿಕಾರವಿದ್ದೂ ತಾವು ಸುಮ್ಮನಿರುವುದರ ಬಗ್ಗೆ.

ಹೆಚ್ಚು ಎರವಲಾಗುವ ಪುರಾವೆಯಿಂದಲೇ ಆರಂಭಿಸುತ್ತೇನೆ. ಶಿಟಾಕೆ ಅಣಬೆಯಿಂದ ತೆಗೆದ ಪಾಲಿಸ್ಯಾಕರೈಡ್, ಅಂದರೆ ಸಕ್ಕರೆಯ ಅಣುಗಳು ಮಣಿಗಳಂತೆ ಪೋಣಿಸಿಕೊಂಡ ಉದ್ದನೆಯ ಸರ, ಇಲಿಗಳಲ್ಲಿ ನೆಟ್ಟ ಸಾರ್ಕೋಮ ಎಂಬ ಕ್ಯಾನ್ಸರ್ ಗಡ್ಡೆಯ ಬೆಳವಣಿಗೆಯನ್ನು ತಡೆಯುತ್ತದೆ ಎಂದು 1969ರಲ್ಲಿ ಜಪಾನಿನ ಗೋರೊ ಚಿಹಾರ ಮತ್ತು ಅವರ ಸಂಗಡಿಗರು ಪ್ರಕಟಿಸಿದರು. ಅದಕ್ಕೆ ಲೆಂಟಿನಾನ್ ಎಂಬ ಹೆಸರು ಬಂತು. ಗ್ಲುಕೋಸ್ ಅಣುಗಳು ಬೀಟಾ-1,3 ಬಂಧದಿಂದ ಸೇರಿ ಅದರ ಮುಖ್ಯ ಎಳೆಯಾಗಿವೆ. ಆ ಎಳೆಯ ಪ್ರತಿ ಐದು ಗ್ಲುಕೋಸ್‌ಗೆ ಎರಡರಂತೆ ಬೀಟಾ-1,6 ಬಂಧದ ಕವಲುಗಳಿವೆ. ಇಷ್ಟು ನಿಖರವಾಗಿ ಹೇಳುವುದಕ್ಕೆ ಕಾರಣವಿದೆ. ಬಂಧ ಬದಲಾದರೆ ವಸ್ತುವೇ ಬದಲಾಗುತ್ತದೆ. ಪಿಷ್ಟವೂ ಗ್ಲುಕೋಸಿನದೇ ಸರ, ಮರದ ಸೆಲ್ಯುಲೋಸೂ ಗ್ಲುಕೋಸಿನದೇ ಸರ. ಒಂದು ನಮಗೆ ಜೀರ್ಣವಾಗುತ್ತದೆ, ಇನ್ನೊಂದು ಆಗುವುದಿಲ್ಲ, ಎರಡೂ ಲೆಂಟಿನಾನ್ ಮಾಡುವ ಕೆಲಸವನ್ನು ಮಾಡುವುದಿಲ್ಲ.

ಆ ಕೆಲಸವಾದರೂ ಏನು? ಲೆಂಟಿನಾನ್ ಕ್ಯಾನ್ಸರ್ ಕೋಶವನ್ನು ನೇರವಾಗಿ ಕೊಲ್ಲುವ ವಸ್ತುವಲ್ಲ. ಲೆಂಟಿನಾನಿನಂತೆ ಬೀಟಾ ಬಂಧದಿಂದ ಸೇರಿದ ಗ್ಲುಕೋಸ್ ಸರಗಳಾದ ಬೀಟಾ ಗ್ಲುಕಾನ್‌ಗಳು ಶಿಲೀಂಧ್ರಗಳ ಕೋಶಭಿತ್ತಿಯಲ್ಲಿವೆ, ನಮ್ಮ ಕೋಶಗಳಲ್ಲಿ ಇಲ್ಲ. ಆದ್ದರಿಂದ ಅವು ಎದುರಾದರೆ ಹೊರಗಿನದೇನೋ ಒಳಗೆ ಬಂದಿದೆ ಎಂದು ದೇಹ ಎಚ್ಚರಗೊಳ್ಳುತ್ತದೆ. ಈ ಎಚ್ಚರಿಕೆಯ ಗಂಟೆ ಎಲ್ಲಿದೆ ಎಂಬುದು ಬಹುಕಾಲ ಸ್ಪಷ್ಟವಿರಲಿಲ್ಲ. 2001ರಲ್ಲಿ ಗೋರ್ಡನ್ ಬ್ರೌನ್ ಮತ್ತು ಸಯಾಮನ್ ಗೋರ್ಡನ್, ಮ್ಯಾಕ್ರೊಫೇಜ್‌ನಂಥ ಬಿಳಿ ರಕ್ತಕಣಗಳ ಮೇಲ್ಮೈಯಲ್ಲಿರುವ ಡೆಕ್ಟಿನ್-1 ಎಂಬ ಪ್ರೋಟೀನು ಬೀಟಾ ಗ್ಲುಕಾನ್‌ಗಳ ಗ್ರಾಹಕ, ಅಂದರೆ ಅವನ್ನು ಹಿಡಿದು ಗುರುತಿಸುವ ತಾಣ, ಎಂದು ತೋರಿಸಿದರು. ಆ ಗ್ರಾಹಕಕ್ಕೆ ಸರಿಯಾದ ರಚನೆಯ ಎಳೆ ಬಂದು ಕೂತರೆ ಕಣವು ಸಂಕೇತಗಳನ್ನು ಹೊರಡಿಸಿ ಇತರ ಕಣಗಳನ್ನೂ ಕರೆಯುತ್ತದೆ. ಅಣಬೆಯ ಬಗ್ಗೆ ಹೇಳುವ ರೋಗನಿರೋಧಕ ಶಕ್ತಿಯ ಮಾತಿನ ಹಿಂದೆ ಗಟ್ಟಿಯಾದ ನೆಲವಿರುವುದು ಇಲ್ಲಿಯೇ, ಮತ್ತು ಅದನ್ನು ಒಪ್ಪಿಕೊಳ್ಳಲು ನನಗೆ ಹಿಂಜರಿಕೆಯಿಲ್ಲ.

ಜಪಾನು 1985ರಲ್ಲಿ ಲೆಂಟಿನಾನಿಗೆ ಔಷಧವಾಗಿ ಅನುಮತಿ ಕೊಟ್ಟಿತು. ಜಠರದ ಕ್ಯಾನ್ಸರಿಗೆ, ಕಿಮೊ ಔಷಧವೊಂದರ ಜೊತೆಯಲ್ಲಿ, ಚುಚ್ಚುಮದ್ದಾಗಿ. ಈ ಕೊನೆಯ ಪದವನ್ನು ತಾವು ದಯವಿಟ್ಟು ಗಮನಿಸಬೇಕು. ಲೆಂಟಿನಾನ್ ಬಹಳ ದೊಡ್ಡ ಅಣು. ನುಂಗಿದರೆ ಅದು ಕರುಳಿನ ಗೋಡೆಯನ್ನು ದಾಟಿ ಹಾಗೆಯೇ ರಕ್ತಕ್ಕೆ ಸೇರುವುದಿಲ್ಲ. ಅದಕ್ಕಾಗಿಯೇ ಶುದ್ಧೀಕರಿಸಿ ರಕ್ತನಾಳಕ್ಕೆ ಕೊಟ್ಟರು. ಒಣಗಿದ ಶಿಟಾಕೆಯನ್ನು ಪುಡಿಮಾಡಿ ಗುಳಿಗೆಗೆ ತುಂಬಿ, ಅದರ ಜಾಹೀರಾತಿನಲ್ಲಿ ಜಪಾನಿನಲ್ಲಿ ಕ್ಯಾನ್ಸರಿಗೆ ಮಾನ್ಯತೆ ಪಡೆದ ಸಂಯುಕ್ತ ಎಂದು ಬರೆದಾಗ ಅಲ್ಲಿ ಸುಳ್ಳು ಒಂದಕ್ಷರವೂ ಇರುವುದಿಲ್ಲ. ಓದಿದವರಿಗೆ ತಲುಪುವುದು ಮಾತ್ರ ಸುಳ್ಳೇ.

ಕಥೆ ಅಲ್ಲಿಗೂ ಮುಗಿಯಲಿಲ್ಲ. ಅನುಮತಿ ಸಿಕ್ಕಿ ಮೂರು ದಶಕಗಳಾದ ಮೇಲೆ, 2016ರಲ್ಲಿ, ಜಪಾನಿನ ಮೂರನೆಯ ಹಂತದ ಪ್ರಯೋಗವೊಂದರ ಫಲಿತಾಂಶ ಪ್ರಕಟವಾಯಿತು. ಶಸ್ತ್ರಚಿಕಿತ್ಸೆ ಸಾಧ್ಯವಿಲ್ಲದ ಅಥವಾ ಮರುಕಳಿಸಿದ ಜಠರದ ಕ್ಯಾನ್ಸರ್ ಇದ್ದ 309 ಜನರಲ್ಲಿ ಅರ್ಧದಷ್ಟು ಮಂದಿಗೆ ಎಸ್-1 ಎಂಬ ಕಿಮೊ ಔಷಧವನ್ನು ಮಾತ್ರ, ಉಳಿದರ್ಧಕ್ಕೆ ಅದರ ಜೊತೆ ಲೆಂಟಿನಾನನ್ನೂ ಕೊಟ್ಟರು. ಬದುಕುಳಿದ ಅವಧಿಯ ಮಧ್ಯಮಾಂಕ ಎಸ್-1 ಮಾತ್ರ ಪಡೆದವರಲ್ಲಿ 13.8 ತಿಂಗಳು, ಲೆಂಟಿನಾನ್ ಸೇರಿದವರಲ್ಲಿ 9.9 ತಿಂಗಳು. ಈ ವ್ಯತ್ಯಾಸ ಆಕಸ್ಮಿಕವಾಗಿರುವ ಸಾಧ್ಯತೆಯನ್ನು ಲೆಕ್ಕಾಚಾರ ತಳ್ಳಿಹಾಕಲಿಲ್ಲ. ಆದ್ದರಿಂದ ಲೆಂಟಿನಾನ್ ಆಯುಷ್ಯ ಕಡಿಮೆ ಮಾಡಿತು ಎನ್ನಲಾಗದು. ಹೆಚ್ಚಿಸಿತು ಎನ್ನಲಂತೂ ದಾರಿಯೇ ಇಲ್ಲ. ಶಿಟಾಕೆ ಗುಳಿಗೆಯ ಜಾಹೀರಾತುಗಳಲ್ಲಿ 1985 ಹಲವು ಬಾರಿ ಕಂಡಿದ್ದೇನೆ. 2016 ಒಮ್ಮೆಯೂ ಕಂಡಿಲ್ಲ.

ಇದೇ ಮಾತನ್ನು ಪಿಎಸ್‌ಕೆ ಎಂಬ ಇನ್ನೊಂದು ಅಣಬೆ ಔಷಧದ ಬಗ್ಗೆ ಹೇಳಿದರೆ ಅನ್ಯಾಯವಾದೀತು. ಟರ್ಕಿ ಟೇಲ್ ಎಂದು ಕರೆಯುವ, ಸತ್ತ ಮರದ ಮೇಲೆ ಬಣ್ಣಬಣ್ಣದ ಪಟ್ಟೆಗಳ ಬೀಸಣಿಗೆಯಂತೆ ಬೆಳೆಯುವ ಟ್ರಮೀಟಿಸ್ ವರ್ಸಿಕಲರ್ ಅಣಬೆಯ ಒಂದು ನಿರ್ದಿಷ್ಟ ತಳಿಯನ್ನು ಬೆಳೆಸಿ, ಅದರ ಕವಕಜಾಲದಿಂದ, ಅಂದರೆ ಎಳೆಗಳಾಗಿ ಹರಡುವ ಅದರ ದೇಹದಿಂದ ತೆಗೆದ, ಪ್ರೋಟೀನಿಗೆ ಅಂಟಿಕೊಂಡ ಪಾಲಿಸ್ಯಾಕರೈಡ್ ಅದು. ಕ್ರೆಸ್ಟಿನ್ ಎಂಬ ಹೆಸರಿನಲ್ಲಿ 1977ರಲ್ಲಿ ಜಪಾನಿನಲ್ಲಿ ಅನುಮತಿ ಪಡೆಯಿತು, ಮತ್ತು ಇದನ್ನು ಬಾಯಿಯಿಂದಲೇ ಕೊಡುತ್ತಿದ್ದರು. ಜಠರದ ಕ್ಯಾನ್ಸರಿನ ಗಡ್ಡೆಯನ್ನು ಪೂರ್ಣವಾಗಿ ತೆಗೆಸಿಕೊಂಡ 262 ರೋಗಿಗಳ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಕಿಮೊ ಔಷಧಗಳ ಜೊತೆ ಪಿಎಸ್‌ಕೆ ಪಡೆದವರಲ್ಲಿ ಶೇ 73ರಷ್ಟು ಮಂದಿ ಐದು ವರ್ಷಗಳ ನಂತರ ಬದುಕಿದ್ದರು; ಕಿಮೊ ಮಾತ್ರ ಪಡೆದವರಲ್ಲಿ ಈ ಪ್ರಮಾಣ ಶೇ 60. ಎಂಟು ಪ್ರಯೋಗಗಳ 8,009 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ 2007ರಲ್ಲಿ ಮಾಡಿದ ವಿಶ್ಲೇಷಣೆಯಲ್ಲಿ ಸಾವಿನ ಅಪಾಯ ಸುಮಾರು ಶೇ 12ರಷ್ಟು ಕಡಿಮೆ ಕಂಡಿತು. ಇವು ಅಲ್ಲಗಳೆಯುವ ಅಂಕಿಗಳಲ್ಲ. ಅಣಬೆಯ ಔಷಧವೆಂದರೆ ಮೂಗು ಮುರಿಯುವ ನನ್ನ ಸಹೋದ್ಯೋಗಿಗಳಿಗೆ ನಾನು ಮೊದಲು ತೋರಿಸುವುದು ಇವನ್ನೇ.

ಆದರೆ ಆ ಅಂಕಿಗಳು ಯಾರಿಗೆ ಸೇರಿದವು ಎಂದು ನೋಡಬೇಕು. ಗಡ್ಡೆಯನ್ನು ಪೂರ್ಣವಾಗಿ ತೆಗೆಸಿಕೊಂಡವರಿಗೆ; ಆ ಕಾಲದಲ್ಲಿ ಬಳಕೆಯಲ್ಲಿದ್ದ ಕಿಮೊ ಔಷಧಗಳ ಜೊತೆಯಲ್ಲಿ; ಒಂದೇ ತಳಿಯಿಂದ, ಒಂದೇ ವಿಧಾನದಿಂದ ತಯಾರಿಸಿ, ಗೊತ್ತಾದ ಪ್ರಮಾಣದಲ್ಲಿ ದಿನವೂ ಕೊಟ್ಟ ಮದ್ದಿಗೆ. 1989ರಲ್ಲಿ ಜಪಾನಿನ ಆರೋಗ್ಯ ಸಚಿವಾಲಯವೇ ಈ ಮದ್ದನ್ನು ಮರುಪರಿಶೀಲಿಸಿ, ಕೆಲವೇ ಬಗೆಯ ಕ್ಯಾನ್ಸರುಗಳಿಗೆ, ಕಿಮೊ ಜೊತೆಗೆ ಮಾತ್ರ ಎಂದು ಅದರ ಬಳಕೆಯನ್ನು ಕಿರಿದುಗೊಳಿಸಿತು. ಕಿಮೊ ಬಿಟ್ಟು ಇದನ್ನೇ ನಂಬಿ ಎಂದು ಆ ಪ್ರಯೋಗಗಳಲ್ಲಿ ಒಂದೂ ಹೇಳುವುದಿಲ್ಲ. ಟರ್ಕಿ ಟೇಲ್ ಪುಡಿಯ ಮಾರಾಟಗಾರರು 8,009 ಎಂಬ ಸಂಖ್ಯೆಯನ್ನು ಎತ್ತಿಕೊಂಡು ಉಳಿದ ಷರತ್ತುಗಳನ್ನು ಅಲ್ಲಿಯೇ ಬಿಟ್ಟು ಬರುತ್ತಾರೆ.

ಈಗ ಬಾಟಲಿಯ ಒಳಗೆ ಏನಿದೆ ಎಂಬ ಪ್ರಶ್ನೆ. ಅಮೆರಿಕದಲ್ಲಿ ಮಾರಾಟವಾಗುತ್ತಿದ್ದ 19 ರೀಶಿ ಪೂರಕಗಳನ್ನು ಪ್ರಯೋಗಾಲಯದಲ್ಲಿ ವಿಶ್ಲೇಷಿಸಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ರೀಶಿ ಎಂದರೆ ಗ್ಯಾನೋಡರ್ಮ ಲ್ಯೂಸಿಡಮ್, ವಾರ್ನಿಷ್ ಬಳಿದಂತೆ ಹೊಳೆಯುವ ಗಡಸು ಅಣಬೆ. ಅದರ ಕಹಿಗೆ ಕಾರಣವಾದ ಟ್ರೈಟರ್ಪೀನುಗಳು ಮತ್ತು ಅದರದೇ ಪಾಲಿಸ್ಯಾಕರೈಡುಗಳು ಅದರ ಗುರುತು. ಆ 19ರಲ್ಲಿ ಲೇಬಲ್ಲಿಗೆ ತಕ್ಕಂತೆ ಇದ್ದವು ಕೇವಲ 5. ನಾಲ್ಕು ಬಾಟಲಿಗಳಲ್ಲಿ ಮೂರು ತಮ್ಮ ಹೆಸರಿಗೇ ನಿಷ್ಠವಾಗಿರದಿದ್ದರೆ, ಅವು ರೋಗಕ್ಕೆ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆಗೆ ಅರ್ಥವಾದರೂ ಏನು?

ಇಂಥದ್ದು ಹೇಗೆ ಆಗುತ್ತದೆ ಎಂಬುದರಲ್ಲಿ ರಹಸ್ಯವೇನೂ ಇಲ್ಲ. ಅಣಬೆಯೆಂದು ನಾವು ಕಾಣುವ ಕೊಡೆ ಶಿಲೀಂಧ್ರದ ಫಲಭಾಗ. ಅದರ ದೇಹ ಕವಕಜಾಲವಾಗಿ ಮಣ್ಣಿನಲ್ಲೋ ಮರದಲ್ಲೋ ಹರಡಿಕೊಂಡಿರುತ್ತದೆ. ಕೊಡೆ ಬೆಳೆಸಲು ತಿಂಗಳುಗಳು ಬೇಕು. ಬೇಯಿಸಿದ ಧಾನ್ಯದ ಮೇಲೆ ಕವಕಜಾಲವನ್ನು ಹಬ್ಬಿಸುವುದು ಬೇಗ ಆಗುವ ಕೆಲಸ. ಆದರೆ ಹಬ್ಬಿದ ಮೇಲೆ ಧಾನ್ಯವನ್ನು ಬೇರ್ಪಡಿಸಲಾಗುವುದಿಲ್ಲ. ಎರಡನ್ನೂ ಒಟ್ಟಿಗೆ ಒಣಗಿಸಿ ಪುಡಿಮಾಡುತ್ತಾರೆ. ಹಾಗೆ ಉಳಿದ ಪಿಷ್ಟವೂ ಪಾಲಿಸ್ಯಾಕರೈಡೇ ಆದ್ದರಿಂದ, ಲೇಬಲ್ಲಿನ ಮೇಲೆ ಪಾಲಿಸ್ಯಾಕರೈಡ್ ಶೇಕಡಾ ಇಷ್ಟು ಎಂದು ಬರೆದರೆ ಕಾನೂನಿನ ಕಣ್ಣಿಗೆ ತಪ್ಪಾಗುವುದಿಲ್ಲ. ಶಾಲೆಯ ಪ್ರಯೋಗಾಲಯದಲ್ಲಿ ಮಕ್ಕಳು ಆಲೂಗಡ್ಡೆಯ ಮೇಲೆ ಹಾಕುವ ಅಯೋಡಿನ್ ಹನಿಯನ್ನು ಇಂಥ ಪುಡಿಯ ಮೇಲೆ ಹಾಕಿದರೂ ನೀಲಿ ಬಣ್ಣ ಮೂಡುತ್ತದೆ. ಬೀಟಾ ಗ್ಲುಕಾನನ್ನು ಪಿಷ್ಟದಿಂದ ಪ್ರತ್ಯೇಕಿಸಿ ಅಳೆಯುವ ಕಿಣ್ವ ಪರೀಕ್ಷೆಗಳು ಬಳಕೆಯಲ್ಲಿವೆ. ತಾವು ಕೇಳುತ್ತಿಲ್ಲ, ಅವರು ಹೇಳುತ್ತಿಲ್ಲ. ಕವಕಜಾಲವೇ ಕೀಳು ಎಂಬುದು ಇದರ ಅರ್ಥವಲ್ಲ. ಪಿಎಸ್‌ಕೆ ಬಂದದ್ದು ಕವಕಜಾಲದಿಂದಲೇ. ಆದರೆ ಅಲ್ಲಿ ಅದರಿಂದ ಸಂಯುಕ್ತವನ್ನು ಬೇರ್ಪಡಿಸಿ ತೆಗೆದಿದ್ದರು.

ರೀಶಿಯ ಬಗ್ಗೆ ನಡೆದಿರುವ ಮಾನವ ಪ್ರಯೋಗಗಳನ್ನು, ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ವಿಮರ್ಶಿಸುವ ಕಾಕ್ರೇನ್ ಸಂಸ್ಥೆ ಒರೆಗೆ ಹಚ್ಚಿದೆ. ಕ್ಯಾನ್ಸರಿಗೆ ಸಂಬಂಧಿಸಿದ ಅದರ ವಿಮರ್ಶೆಯಲ್ಲಿ ಲೆಕ್ಕಕ್ಕೆ ಸಿಕ್ಕಿದ್ದು 5 ಪ್ರಯೋಗಗಳು, 373 ರೋಗಿಗಳು. ಮೊದಲ ಆಯ್ಕೆಯ ಚಿಕಿತ್ಸೆಯಾಗಿ ರೀಶಿಯನ್ನು ಬಳಸಲು ಸಾಕಷ್ಟು ಆಧಾರವಿಲ್ಲ, ಕಿಮೊ ಅಥವಾ ವಿಕಿರಣ ಚಿಕಿತ್ಸೆಯ ಜೊತೆಗೆ ಕೊಟ್ಟರೆ ಗಡ್ಡೆಯ ಸ್ಪಂದನೆ ಸ್ವಲ್ಪ ಉತ್ತಮವಾಗಬಹುದು ಎಂಬುದು ಅದರ ತೀರ್ಮಾನ. ಮಧುಮೇಹದ ವಿಷಯದಲ್ಲಿ ಫಲಿತಾಂಶ ಇನ್ನೂ ನೇರವಾಗಿದೆ: 84 ಜನರ ಮೇಲೆ 16 ವಾರ ನಡೆದು 2016ರಲ್ಲಿ ಪ್ರಕಟವಾದ, ಯಾರಿಗೆ ಯಾವುದು ಎಂದು ರೋಗಿಗೂ ವೈದ್ಯರಿಗೂ ಗೊತ್ತಿರದಂತೆ ನಡೆಸಿದ ಪ್ರಯೋಗದಲ್ಲಿ ರಕ್ತದ ಸಕ್ಕರೆಯ ಮೇಲೆ ರೀಶಿಯಿಂದ ಯಾವ ಪರಿಣಾಮವೂ ಕಾಣಲಿಲ್ಲ. ಆದರೂ ಸಕ್ಕರೆ ಇಳಿಸುತ್ತದೆ ಎಂಬ ನಂಬಿಕೆಯಿಂದ ಇದನ್ನು ಕೊಂಡವರು ನನ್ನ ಮೇಜಿನೆದುರು ಬಂದು ಕೂರುತ್ತಾರೆ.

ಲಯನ್ಸ್ ಮೇನ್, ಅಂದರೆ ಬಿಳಿ ಎಳೆಗಳು ಜೋತುಬಿದ್ದ ಹೆರಿಸಿಯಮ್ ಅಣಬೆ, ಈಗ ಮರೆವಿನ ಮದ್ದಾಗಿ ಹೆಸರು ಮಾಡಿದೆ. ಅದರ ಫಲಭಾಗದಲ್ಲಿ ಹೆರಿಸಿನೋನುಗಳು, ಕವಕಜಾಲದಲ್ಲಿ ಎರಿನಾಸಿನ್‌ಗಳು ಇವೆ. ನರಕೋಶಗಳ ಬೆಳವಣಿಗೆಗೆ ಬೇಕಾದ ಅಂಶವನ್ನು ಹೆಚ್ಚು ಉತ್ಪಾದಿಸುವಂತೆ ಇವು ಕೋಶಗಳನ್ನು ಪ್ರಚೋದಿಸುವುದನ್ನು ಪ್ರಯೋಗಾಲಯದಲ್ಲಿ ಕಂಡಿದ್ದಾರೆ. ಎಲ್ಲರೂ ಉಲ್ಲೇಖಿಸುವ ಮಾನವ ಪ್ರಯೋಗ 2009ರದು. ಲಘು ಮರೆವಿದ್ದ 50ರಿಂದ 80 ವರ್ಷದ 30 ಜಪಾನೀಯರು ಅದರಲ್ಲಿದ್ದರು. 16 ವಾರ ಗುಳಿಗೆ ನುಂಗಿದವರ ಅಂಕಗಳು ಏರಿದವು, ನಿಲ್ಲಿಸಿ ನಾಲ್ಕು ವಾರಗಳಲ್ಲೇ ಇಳಿದವು. ಆಸಕ್ತಿ ಹುಟ್ಟಿಸುವ ಆರಂಭ ಅದು, ಸಂದೇಹವಿಲ್ಲ. ಆದರೆ 30 ಜನ! ಒಂದು ಹೊಸ ರಕ್ತದೊತ್ತಡದ ಗುಳಿಗೆಯನ್ನು ಇಷ್ಟೇ ಜನರ ಮೇಲಿನ ಪ್ರಯೋಗದೊಂದಿಗೆ ತಮ್ಮ ಮುಂದೆ ತಂದರೆ ತಾವು ಕಡತವನ್ನು ತೆರೆಯುವ ಮೊದಲೇ ಹಿಂದಿರುಗಿಸುತ್ತೀರಿ.

ಕಾರ್ಡಿಸೆಪ್ಸ್‌ನದು ಇನ್ನೊಂದು ಬಗೆ. ಕೀಟಗಳ ಮೈಯಲ್ಲಿ ಬೆಳೆಯುವ ಈ ಶಿಲೀಂಧ್ರದಿಂದ 1950ರಲ್ಲಿ ಕಾರ್ಡಿಸೆಪಿನ್ ಎಂಬ ಸಂಯುಕ್ತವನ್ನು ಬೇರ್ಪಡಿಸಿದರು. ಅದು ನಮ್ಮ ಕೋಶಗಳಲ್ಲಿರುವ ಅಡೆನೋಸಿನ್‌ನ ಪಡಿಯಚ್ಚು, ಒಂದೇ ಒಂದು ಆಮ್ಲಜನಕ ಕಡಿಮೆ. ಕೋಶವು ಆರ್‌ಎನ್‌ಎ ಎಳೆ ನೇಯುವಾಗ ಮೋಸಹೋಗಿ ಇದನ್ನು ಸೇರಿಸಿಕೊಂಡರೆ, ಆ ಆಮ್ಲಜನಕವಿಲ್ಲದ ಕಾರಣ ಮುಂದಿನ ಕೊಂಡಿ ಕೂಡಿಕೊಳ್ಳದೆ ಎಳೆ ಅಲ್ಲಿಗೇ ನಿಲ್ಲುತ್ತದೆ. ಕ್ಯಾನ್ಸರ್ ಕೋಶವನ್ನು ತಡೆಯಲು ಇದಕ್ಕಿಂತ ಸೊಗಸಾದ ಉಪಾಯವಿಲ್ಲ ಎನಿಸುತ್ತದೆ. ತೊಡಕೆಂದರೆ ದೇಹದಲ್ಲಿರುವ ಅಡೆನೋಸಿನ್ ಡಿಅಮಿನೇಸ್ ಎಂಬ ಕಿಣ್ವ ಕಾರ್ಡಿಸೆಪಿನ್ನನ್ನು ಬಹುಬೇಗ ಮುರಿದುಹಾಕುತ್ತದೆ. ಆ ಕಿಣ್ವದ ಕೈಗೆ ಸಿಗದಂತೆ ರಸಾಯನವಿಜ್ಞಾನಿಗಳು ಮಾರ್ಪಡಿಸಿದ ರೂಪವೊಂದು ಮಾನವ ಪ್ರಯೋಗದ ಹಂತಕ್ಕೆ ಬಂದಿದೆ. ಬಾಟಲಿಯಲ್ಲಿ ಇರುವುದು ಅದಲ್ಲ.

ಇಲ್ಲೊಂದು ಮಾತು ಹೇಳದೆ ಇರಲಾರೆ. ಅಂಗಾಂಗ ಕಸಿ ಮಾಡಿಸಿಕೊಂಡವರು ಹೊಸ ಅಂಗವನ್ನು ದೇಹ ತಿರಸ್ಕರಿಸದಂತೆ ಸೇವಿಸುವ ಸೈಕ್ಲೊಸ್ಪೊರಿನ್ ಬಂದದ್ದು ಟಾಲಿಪೊಕ್ಲೇಡಿಯಮ್ ಎಂಬ ಶಿಲೀಂಧ್ರದಿಂದ; ಅದು ಕಾರ್ಡಿಸೆಪ್ಸ್‌ನ ಬಂಧು ಎಂಬುದು 1996ರಲ್ಲಿ ದುಂಬಿಯ ಮರಿಹುಳುವಿನ ಮೇಲೆ ಅದರ ಇನ್ನೊಂದು ರೂಪ ಸಿಕ್ಕಾಗ ತಿಳಿಯಿತು. ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗಕ್ಕೆ 2010ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಫಿಂಗೋಲಿಮಾಡ್ ರೂಪುಗೊಂಡದ್ದೂ ಕೀಟಗಳ ಮೇಲೆ ಬೆಳೆಯುವ ಶಿಲೀಂಧ್ರವೊಂದರ ಸಂಯುಕ್ತದಿಂದಲೇ. ಎರಡೂ ರೋಗನಿರೋಧಕ ವ್ಯವಸ್ಥೆಯನ್ನು ತಗ್ಗಿಸುವ ಔಷಧಗಳು. ಅದೇ ಬಳಗದ ಅಣಬೆಯ ಬಾಟಲಿಯ ಮೇಲೆ ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ ಎಂದು ಬರೆದಿರುತ್ತಾರೆ. ಹೆಚ್ಚಿಸುವುದು ಎಲ್ಲರಿಗೂ ಒಳ್ಳೆಯದು ಎಂಬ ಎಣಿಕೆಯೇ ಮೊದಲು ತಪ್ಪು. ಕಸಿ ಮಾಡಿಸಿಕೊಂಡವರಲ್ಲಿ, ತನ್ನ ಕೀಲುಗಳನ್ನೇ ತನ್ನ ದೇಹ ಆಕ್ರಮಿಸುವ ರೋಗವಿರುವವರಲ್ಲಿ, ಆ ವ್ಯವಸ್ಥೆಯನ್ನು ಅಂಕೆಯಲ್ಲಿಡುವುದಕ್ಕಾಗಿಯೇ ನಾವು ಔಷಧ ಕೊಡುತ್ತಿರುತ್ತೇವೆ.

ಆಹಾರವಾಗಿ ಅಣಬೆ ತಿನ್ನುವ ವಿಚಾರವನ್ನು ಬೇಗ ಮುಗಿಸುತ್ತೇನೆ. ಹೆಚ್ಚು ಅಣಬೆ ತಿನ್ನುವವರಲ್ಲಿ ಕ್ಯಾನ್ಸರ್ ಕಡಿಮೆ ಎಂದು 17 ಅಧ್ಯಯನಗಳನ್ನು ಒಟ್ಟುಗೂಡಿಸಿದ 2021ರ ವಿಶ್ಲೇಷಣೆ ಹೇಳಿತು, ಸುದ್ದಿಯೂ ಆಯಿತು. ಅದಕ್ಕೆ ಎರಡು ವರ್ಷ ಮೊದಲು, ಅಮೆರಿಕದ 68,327 ಮಹಿಳೆಯರು ಮತ್ತು 44,664 ಪುರುಷರನ್ನು ದಶಕಗಳ ಕಾಲ ಹಿಂಬಾಲಿಸಿದ ಅಧ್ಯಯನ ಅಂಥ ಸಂಬಂಧವೇನನ್ನೂ ಕಂಡಿರಲಿಲ್ಲ, ಅದು ಸುದ್ದಿಯಾಗಲಿಲ್ಲ. ಅಣಬೆ ಒಳ್ಳೆಯ ಆಹಾರ, ತಿನ್ನಲಿ. ಬೇಯಿಸಿ ತಿನ್ನಲಿ ಎಂದು ಮಾತ್ರ ಸೇರಿಸುತ್ತೇನೆ, ಏಕೆಂದರೆ ಅರೆಬೆಂದ ಶಿಟಾಕೆ ತಿಂದ ಕೆಲವರ ಮೈಮೇಲೆ ಚಾಟಿಯಿಂದ ಹೊಡೆದಂತೆ ಕೆಂಪು ಬರೆಗಳು ಏಳುತ್ತವೆ, ಮತ್ತು ಅದಕ್ಕೆ ಕಾರಣವೆಂದು ವೈದ್ಯರು ಬೊಟ್ಟುಮಾಡುವುದು ಮೇಲೆ ಹೇಳಿದ ಲೆಂಟಿನಾನನ್ನೇ.

ಪ್ರಕೃತಿಯಿಂದ ಬಂದದ್ದು ಹಾನಿ ಮಾಡದು ಎಂಬ ನಂಬಿಕೆಗೆ ವಿಷದ ಅಣಬೆಗಳ ಉದಾಹರಣೆ ಬೇಕಿಲ್ಲ, ಔಷಧೀಯವೆಂದು ಮಾರುವ ಅಣಬೆಗಳೇ ಸಾಕು. ಬರ್ಚ್ ಮರದ ಮೇಲೆ ಇದ್ದಿಲಿನ ಗಂಟಿನಂತೆ ಬೆಳೆಯುವ ಚಾಗಾದಲ್ಲಿ ಆಕ್ಸಲೇಟ್ ಬಹಳ. ಯಕೃತ್ತಿನ ಕ್ಯಾನ್ಸರ್ ಇದ್ದ 72 ವರ್ಷದ ಜಪಾನಿನ ಮಹಿಳೆಯೊಬ್ಬರು ದಿನಕ್ಕೆ ನಾಲ್ಕೈದು ಟೀ ಚಮಚ ಚಾಗಾ ಪುಡಿಯನ್ನು ಆರು ತಿಂಗಳು ಸೇವಿಸಿದರು. ಆಕ್ಸಲೇಟ್ ಹರಳುಗಳು ತುಂಬಿ ಅವರ ಮೂತ್ರಪಿಂಡಗಳು ಕೆಟ್ಟವು ಎಂದು 2014ರ ವೈದ್ಯಕೀಯ ವರದಿ ದಾಖಲಿಸಿದೆ. ಅಗಾರಿಕಸ್ ಬ್ಲೇಜಿ ಅಣಬೆಯ ಸಾರ ಸೇವಿಸುತ್ತಿದ್ದ ಮೂವರು ಕ್ಯಾನ್ಸರ್ ರೋಗಿಗಳ ಯಕೃತ್ತಿಗೆ ತೀವ್ರ ಹಾನಿಯಾಗಿ ಇಬ್ಬರು ಸತ್ತದ್ದನ್ನು ಜಪಾನಿನ ವೈದ್ಯರು 2006ರಲ್ಲಿ ವರದಿ ಮಾಡಿದರು. ಕೈಬೆರಳಿನಲ್ಲಿ ಎಣಿಸಬಹುದಾದ ಇಂಥ ಪ್ರಕರಣಗಳಿಂದ ಅಣಬೆಯೇ ಕಾರಣವೆಂದು ಸಿದ್ಧಮಾಡಲಾಗದು, ನಿಜ. ಆದರೆ ಔಷಧವಾಗಿದ್ದರೆ ಪ್ರತಿಯೊಂದು ಪ್ರಕರಣವೂ ತಮ್ಮ ಕಡತಕ್ಕೆ ಸೇರುತ್ತಿತ್ತು, ಹತ್ತು ಸೇರಿದಾಗ ಯಾರಾದರೂ ಎದ್ದು ಕೂರುತ್ತಿದ್ದರು. ಪೂರಕ ಎಂಬ ಹಣೆಪಟ್ಟಿ ಇರುವುದರಿಂದ ರೋಗಿ ಹೇಳುವುದಿಲ್ಲ, ವೈದ್ಯರು ಕೇಳುವುದಿಲ್ಲ, ಎಣಿಕೆ ಶುರುವಾಗುವುದೇ ಇಲ್ಲ.

ಇಷ್ಟು ಕಟ್ಟುನಿಟ್ಟು ಮಾಡಿದರೆ ಅಣಬೆಯ ಔಷಧಗಳು ಹುಟ್ಟುವುದೇ ಇಲ್ಲ ಎಂಬ ಆಕ್ಷೇಪಣೆಯನ್ನು ನಾನು ಕೇಳಿದ್ದೇನೆ. ಪ್ಲೂರೋಮ್ಯುಟಿಲಿನ್ ಅದಕ್ಕೆ ಉತ್ತರ. ನ್ಯೂಯಾರ್ಕ್ ಸಸ್ಯೋದ್ಯಾನದ ಕವನಾ, ಹರ್ವಿ ಮತ್ತು ರಾಬಿನ್ಸ್ ಎಂಬ ಸಂಶೋಧಕರು 1951ರಲ್ಲಿ ಕೊಡೆ ಬಿಡುವ ಅಣಬೆಗಳಿಂದಲೇ ಬೇರ್ಪಡಿಸಿದ, ಬ್ಯಾಕ್ಟೀರಿಯಾಗಳನ್ನು ತಡೆಯುವ ಸಂಯುಕ್ತ ಅದು. ಬ್ಯಾಕ್ಟೀರಿಯಾದ ರೈಬೋಸೋಮಿನಲ್ಲಿ ಪ್ರೋಟೀನಿನ ಕೊಂಡಿ ಕೂಡುವ ಜಾಗಕ್ಕೇ ಹೋಗಿ ಅಡ್ಡ ಕೂರುತ್ತದೆ. ಅದನ್ನು ಯಾರೂ ಪುಡಿಮಾಡಿ ಬಾಟಲಿಗೆ ತುಂಬಲಿಲ್ಲ. ರಚನೆ ಬಿಡಿಸಿದರು, ಮಾರ್ಪಡಿಸಿದರು, ಮೊದಲು ಹಂದಿ ಕೋಳಿಗಳ ಚಿಕಿತ್ಸೆಗೆ ಬಳಸಿದರು; 2007ರಲ್ಲಿ ರೆಟಾಪಮ್ಯುಲಿನ್ ಎಂಬ ಚರ್ಮದ ಮುಲಾಮಾಗಿ, 2019ರಲ್ಲಿ ಲೆಫಾಮ್ಯುಲಿನ್ ಎಂಬ ಹೆಸರಿನಲ್ಲಿ ನ್ಯುಮೋನಿಯಾಕ್ಕೆ ಗುಳಿಗೆ ಮತ್ತು ಚುಚ್ಚುಮದ್ದಾಗಿ ಅದರ ರೂಪಗಳು ಅಮೆರಿಕದಲ್ಲಿ ಅನುಮತಿ ಪಡೆದವು. 68 ವರ್ಷ ಹಿಡಿಯಿತು. ಅದು ಅತಿಯಾಯಿತು ಎಂದು ನನಗೂ ಅನಿಸುತ್ತದೆ. ಆದರೆ ಇಂದು ನ್ಯುಮೋನಿಯಾ ರೋಗಿಗೆ ಅದನ್ನು ಕೊಡುವಾಗ ಎಷ್ಟು ಮಿಲಿಗ್ರಾಂ, ಎಷ್ಟು ಗಂಟೆಗೊಮ್ಮೆ, ಯಾವ ಔಷಧದ ಜೊತೆ ಕೂಡದು, ಹೃದಯದ ಲಯದ ಮೇಲೆ ಯಾವಾಗ ಕಣ್ಣಿಡಬೇಕು ಎಂಬುದೆಲ್ಲ ಕಾಗದದ ಮೇಲಿದೆ. ಅಣಬೆಯ ಸೈಲೊಸೈಬಿನ್ ಕೂಡ ಖಿನ್ನತೆಯ ಚಿಕಿತ್ಸೆಗಾಗಿ ಇದೇ ದಾರಿಯಲ್ಲಿ ನಡೆಯುತ್ತಿದೆ: 2022ರಲ್ಲಿ ಪ್ರಕಟವಾದ 233 ರೋಗಿಗಳ ಪ್ರಯೋಗದಲ್ಲಿ 25 ಮಿಲಿಗ್ರಾಂ ಪಡೆದವರನ್ನು 1 ಮಿಲಿಗ್ರಾಂ ಪಡೆದವರೊಡನೆ ಹೋಲಿಸಿದ್ದರು, ಲಾಭವನ್ನೂ ಅಡ್ಡಪರಿಣಾಮಗಳನ್ನೂ ಒಂದೇ ಪುಟದಲ್ಲಿ ಬರೆದಿದ್ದರು.

ಆದ್ದರಿಂದ ನಾನು ಕೇಳುವುದು ನಿಷೇಧವನ್ನಲ್ಲ. ಅಣಬೆಯ ಪೂರಕವನ್ನು ಮಾರುವವರು ಪ್ರಭೇದದ ಪೂರ್ಣ ವೈಜ್ಞಾನಿಕ ಹೆಸರನ್ನೂ, ಒಳಗಿರುವುದು ಫಲಭಾಗವೋ ಕವಕಜಾಲವೋ ಅಥವಾ ಧಾನ್ಯ ಸಮೇತ ಕವಕಜಾಲವೋ ಎಂಬುದನ್ನೂ, ಪಾಲಿಸ್ಯಾಕರೈಡ್ ಎಂಬ ಗೋಣಿಚೀಲದಂಥ ಪದದ ಬದಲು ಬೀಟಾ ಗ್ಲುಕಾನ್ ಎಷ್ಟು, ಪಿಷ್ಟ ಎಷ್ಟು ಎಂಬುದನ್ನೂ ಲೇಬಲ್ಲಿನ ಮೇಲೆ ಮುದ್ರಿಸುವಂತೆ ತಾವು ಕಡ್ಡಾಯ ಮಾಡಬೇಕು. ಅದನ್ನು ಆಗಾಗ ತಾವೇ ಮಾದರಿ ಕೊಂಡು ಪರೀಕ್ಷಿಸಿ ಫಲಿತಾಂಶವನ್ನು ಪ್ರಕಟಿಸಬೇಕು. ಯಾವುದಾದರೂ ಪ್ರಯೋಗದ ಹೆಸರು ಹೇಳಿ ಮಾರುವುದಾದರೆ, ಆ ಪ್ರಯೋಗದಲ್ಲಿ ಬಳಸಿದ ವಸ್ತುವೂ ಬಾಟಲಿಯಲ್ಲಿರುವ ವಸ್ತುವೂ ಒಂದೇ ಎಂದು ತೋರಿಸುವ ಹೊಣೆ ಮಾರುವವರ ಮೇಲಿರಬೇಕು. ಎಲ್ಲಕ್ಕಿಂತ ಹೆಚ್ಚಾಗಿ ನನಗೆ ಬೇಕಾಗಿರುವುದು ಈ ಹೊಣೆಯ ನಿಯಮ. ಹಾನಿಯ ವರದಿಗಳನ್ನು ಔಷಧಗಳ ವರದಿಗಳಿರುವ ಕಡತದಲ್ಲಿಯೇ ದಾಖಲಿಸಲು ವ್ಯವಸ್ಥೆ ಮಾಡಿದರೆ ನನ್ನಂಥವರು ಬರೆದು ಕಳಿಸಲು ಸಿದ್ಧರಿದ್ದೇವೆ.

ಇನ್ನೊಂದು ಕೋರಿಕೆ ಹಣದ್ದು. ಅಣಬೆಯನ್ನು ಯಾರೂ ತಮ್ಮದೇ ಸ್ವತ್ತೆಂದು ಕಾಯ್ದಿರಿಸಿಕೊಳ್ಳಲಾಗದ ಕಾರಣ ದೊಡ್ಡ ಪ್ರಯೋಗಕ್ಕೆ ಹಣ ಹೂಡಲು ಕಂಪನಿಗಳು ಮುಂದೆ ಬರುವುದಿಲ್ಲ. ಪುಡಿ ಮಾರಿದರೆ ಸಾಕೆಂದಿರುವಾಗ ಬರಬೇಕಾದ ಅಗತ್ಯವೂ ಅವರಿಗಿಲ್ಲ. ಕ್ರೆಸ್ಟಿನ್ನಿನ ತಯಾರಿಕೆ ಜಪಾನಿನಲ್ಲಿ ನಿಂತುಹೋಗಿದೆ. ಇಂದಿನ ಕಿಮೊ ಔಷಧಗಳ ಜೊತೆ, ಇಂದಿನ ಇಮ್ಯುನೊಥೆರಪಿಯ ಜೊತೆ ಪಿಎಸ್‌ಕೆಯಂಥದ್ದು ಏನು ಮಾಡುತ್ತದೆ ಎಂಬುದು ಸಾರ್ವಜನಿಕ ಹಣದಿಂದ ಉತ್ತರಿಸಬೇಕಾದ ಪ್ರಶ್ನೆ, ಮತ್ತು 8,009 ರೋಗಿಗಳ ಮಾಹಿತಿ ಅದನ್ನು ಕೇಳಲು ಸಾಕಷ್ಟು ಕಾರಣ ಕೊಟ್ಟಿದೆ.

ಮುಂದಿನ ಬಾರಿ ಯಾರಾದರೂ ಚೀಲದ ತಳದಿಂದ ಬಾಟಲಿ ತೆಗೆದಿಟ್ಟಾಗ ನಾನು ಲೇಬಲ್ ಓದುತ್ತೇನೆ. ಅಲ್ಲಿ ಏನಿರಬೇಕೆಂದು ನಿರ್ಧರಿಸುವವರು ತಾವು. ಈ ಪತ್ರಕ್ಕೆ ತಮ್ಮ ಉತ್ತರವನ್ನೂ ಬಹಿರಂಗವಾಗಿಯೇ ಕೊಡಬೇಕೆಂದು ವಿನಂತಿಸುತ್ತೇನೆ.

ಇತಿ,
ಕ್ಯಾನ್ಸರ್ ರೋಗಿಗಳ ಔಷಧ ವಿಭಾಗದಲ್ಲಿ ಕೆಲಸ ಮಾಡುವ ಒಬ್ಬ ಫಾರ್ಮಸಿಸ್ಟ್